ತಟ್ಟೆಯೊಳಗಿನ ಹಿಮ್ಮೇಳ

ಹಳೆಯ ಗ್ರಾಮಫೋನ್ ತಟ್ಟೆಯನ್ನು ಕೊಳ್ಳುವವನು ಹಾಡಿನೊಡನೆ ಹಿಂದಿನವರ ಬಳಕೆಯ ಗುರುತುಗಳನ್ನೂ ಕೊಳ್ಳಬೇಕಾಗುತ್ತದೆ. ಬೆಂಗಳೂರಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಈಚೆಗೆ ನನಗೆ ದೊರೆತ ತಟ್ಟೆಯ ಹೊದಿಕೆ ಅಂಚಿನಲ್ಲಿ ಸವೆದಿತ್ತು. ಮೂಲೆಯಲ್ಲಿ ಯಾರದೋ ಹೆಸರು ಮಸಕಾಗಿ ಉಳಿದಿತ್ತು. ಅಮೆರಿಕದ ಜಾನಪದ ಗಾಯಕ ಪೀಟ್ ಸೀಗರ್ 1963ರ ಜೂನ್ 8ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ನಡೆಸಿದ ಕಚೇರಿಯ ಮುದ್ರಣವದು. ಕೊಲಂಬಿಯಾ ಸಂಸ್ಥೆ ಅದೇ ವರ್ಷ ಅದನ್ನು ಹೊರತಂದಿತು. ಹೆಸರು 'ವೀ ಶಲ್ ಓವರ್‌ಕಮ್'.

ಸಾಮಾನ್ಯವಾದ ಧ್ವನಿಮುದ್ರಿಕೆಯಲ್ಲಿ ಕೇಳುಗನಿಗೆ ಸ್ಥಾನವಿಲ್ಲ. ಇಲ್ಲಿ ಹಾಗಲ್ಲ. ಸೀಗರ್ ಬ್ಯಾಂಜೋ ಮೀಟುತ್ತ, ಮುಂದಿನ ಸಾಲನ್ನು ಬೇಗಬೇಗನೆ ನುಡಿದು ಸಭೆಯ ಕೈಗೆ ಕೊಡುತ್ತಾನೆ. ಸಭೆ ಅದನ್ನು ಎತ್ತಿಕೊಳ್ಳುತ್ತದೆ. ನಮ್ಮ ಕಂಸಾಳೆಯವರಲ್ಲಿ ಮುಂದಾಳು ಎತ್ತಿದ ಸೊಲ್ಲನ್ನು ಹಿಮ್ಮೇಳ ಹೊತ್ತು ಸಾಗುವುದನ್ನು ಕೇಳಿದವರಿಗೆ ಈ ಕ್ರಮ ಅಪರಿಚಿತವೆನಿಸದು. ವ್ಯತ್ಯಾಸವಿಷ್ಟೆ: ಸೀಗರನ ಹಿಮ್ಮೇಳ ಚೀಟಿ ಕೊಂಡು ಒಳಬಂದ ಜನ.

ಆ ದಿನಗಳನ್ನು ನೆನೆದರೆ ಹಾಡಿನ ತೂಕ ತಿಳಿಯುತ್ತದೆ. ಹಿಂದಿನ ತಿಂಗಳಷ್ಟೇ ಬರ್ಮಿಂಗ್‌ಹ್ಯಾಮಿನಲ್ಲಿ ಸಮಾನತೆಗಾಗಿ ಮೆರವಣಿಗೆ ಹೊರಟ ಕಪ್ಪುಜನರ ಮಕ್ಕಳ ಮೇಲೆ ಪೊಲೀಸರು ನಾಯಿಗಳನ್ನು ಬಿಟ್ಟಿದ್ದರು, ನೀರಿನ ಕೊಳವೆಗಳನ್ನು ತಿರುಗಿಸಿದ್ದರು. ಕಚೇರಿಯಾದ ನಾಲ್ಕನೆಯ ದಿನ ಮಿಸಿಸಿಪಿಯಲ್ಲಿ ಮೆಡ್ಗರ್ ಎವರ್ಸ್ ಗುಂಡಿಗೆ ಬಲಿಯಾದರು. ಸೀಗರನಾದರೂ ನಿಶ್ಚಿಂತನಲ್ಲ. 1955ರಲ್ಲಿ ಸಂಸತ್ತಿನ ವಿಚಾರಣಾ ಸಮಿತಿಯ ಮುಂದೆ ತನ್ನ ನಂಬಿಕೆಗಳ ಲೆಕ್ಕ ಒಪ್ಪಿಸಲು ನಿರಾಕರಿಸಿದುದಕ್ಕೆ 1961ರಲ್ಲಿ ಒಂದು ವರ್ಷದ ಸೆರೆವಾಸ ವಿಧಿಸಲ್ಪಟ್ಟಿತ್ತು. 1962ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತ್ತು. ಕೊನೆಯ ಹಾಡಿನ ನಡುವೆ, ಅಂಜಿಕೆಯಿಲ್ಲವೆಂದು ಸಾರುವ ಚರಣವೇ ಎಲ್ಲಕ್ಕಿಂತ ಮುಖ್ಯವೆಂದೂ, ತರುಣರು ಈ ಪಾಠವನ್ನು ಉಳಿದವರಿಗೆ ಕಲಿಸಿದರೆಂದೂ ಆತ ಹೇಳುತ್ತಾನೆ. ಆ ಮಾತು ಬರಿಯ ಉಪದೇಶದಂತೆ ಕೇಳಿಸುವುದಿಲ್ಲ.

ಆದರೂ ನನ್ನ ಮನಸ್ಸಿನಲ್ಲೊಂದು ಶಂಕೆ ಎದ್ದಿತು. ಸುರಕ್ಷಿತವಾದ ಸಭಾಂಗಣದಲ್ಲಿ ಕುಳಿತು ಸೆರೆಮನೆಯ ಹಾಡಿಗೆ ದನಿಗೂಡಿಸುವುದು ಸುಲಭದ ಶೌರ್ಯವಲ್ಲವೇ? ತಟ್ಟೆಗೆ ಸಿಕ್ಕಿದ ಜಾನಪದ ಮಾರಾಟದ ಸರಕಾಗದೆ ಉಳಿದೀತೇ?

ಹಾಡಿನ ಪಯಣವೇ ಇದಕ್ಕೆ ಉತ್ತರ ಕೊಡುತ್ತದೆ. 1945-46ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ನಿನಲ್ಲಿ ಮುಷ್ಕರ ಹೂಡಿದ ತಂಬಾಕು ಕಾರ್ಖಾನೆಯ ಕೆಲಸಗಾರರು ಚರ್ಚಿನ ಹಳೆಯ ಹಾಡೊಂದನ್ನು ತಮ್ಮದಾಗಿಸಿಕೊಂಡರು. ಅವರಿಂದ ಅದು ಟೆನೆಸಿಯ ಹೈಲ್ಯಾಂಡರ್ ಶಾಲೆಯ ಜಿಲ್ಫಿಯಾ ಹಾರ್ಟನ್ನರಿಗೆ, ಅವರಿಂದ ಸೀಗರನಿಗೆ ಬಂದಿತು. 1960ರಲ್ಲಿ ಗೈ ಕ್ಯಾರವಾನ್ ಅದನ್ನು ಚಳವಳಿಯ ವಿದ್ಯಾರ್ಥಿಗಳಿಗೆ ಕಲಿಸಿದ. ಪ್ರತಿ ಕೈಯಲ್ಲಿಯೂ ಪದವೋ ಲಯವೋ ಕೊಂಚ ಬದಲಾಯಿತು. ತಟ್ಟೆ ಆ ಹಾಡಿನ ಮನೆಯಲ್ಲ. ದಾರಿಯಲ್ಲಿ ತಂಗಿದ ಛತ್ರ. ಸೀಗರ್ ಮೊದಲಾದವರ ಹೆಸರಿನಲ್ಲಿ ದಾಖಲಾದ ಹಕ್ಕುಸ್ವಾಮ್ಯವೂ ನ್ಯಾಯಾಲಯದ ವ್ಯಾಜ್ಯದ ತರುವಾಯ 2018ರಲ್ಲಿ ತೆರವಾಗಿ, ಹಾಡು ಸರ್ವರ ಸೊತ್ತಾಯಿತು. ಸೀಗರ್ ಅದನ್ನು ಕಾಣಲಿಲ್ಲ, 2014ರಲ್ಲಿಯೇ ತೀರಿಕೊಂಡಿದ್ದ.

ಮೊನ್ನೆ ಸಂಜೆ ಮುಳ್ಳು ಆ ಕೊನೆಯ ಹಾಡಿಗೆ ಬಂದಾಗ ನೆರೆಮನೆಯ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಐದನೆಯ ತರಗತಿಯವಳು, ಈ ಹಾಡನ್ನು ಶಾಲೆಯಲ್ಲಿ ಕನ್ನಡದಲ್ಲಿ ಕಲಿತವಳು. ತಟ್ಟೆಯ ಗೀರುಗಳ ಕರಕರ ಸದ್ದಿನ ನಡುವೆಯೇ, ಅರವತ್ತು ವರ್ಷ ಹಿಂದಿನ ಆ ಸಭೆಯೊಡನೆ ತನ್ನ ಮಾತಿನಲ್ಲಿ ದನಿಗೂಡಿಸಿದಳು. ಹಾಡು ಮುಗಿದ ಮೇಲೆ ಕೇಳಿದಳು:

"ಮೇಷ್ಟ್ರೇ, ಇವರ್ಯಾಕೆ ನಮ್ಮ ಹಾಡು ಹಾಡ್ತಿದಾರೆ?"

ನಾನು ಅವಳನ್ನು ತಿದ್ದಲಿಲ್ಲ.