ಪೆರ್ನಾಲ್ ಅಂಗಿಗೆ ಸಾಲ ಬೇಕಾ?

ರಮಝಾನ್‌ನ ಕೊನೆಯ ಹತ್ತು ಬಂತೆಂದರೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ರೆಡಿಮೇಡ್ ಅಂಗಿಗೆ ಆಗ ಅಂಗಡಿಯವರು ಹೇಳಿದ್ದೇ ರೇಟು. ಇಬಾದತ್ತಿನ ರಾತ್ರಿಗಳೂ ಅಲ್ಲೇ ಕಳೆಯುತ್ತವೆ, ಅದು ಬೇರೆ ಮಾತು. ಹೊಸ ಬಟ್ಟೆ ಸಿಗದ ಮಕ್ಕಳು ಪೆರ್ನಾಲ್ ಕಳೆದ ಮೇಲೂ ಎರಡು ದಿನ ಮದ್ರಸಕ್ಕೆ ಬಾರದ್ದನ್ನು ನಾವು ನೋಡಿದ್ದೇವೆ. ಅದಕ್ಕೆ ಹೆದರಿ ಉಮ್ಮಂದಿರು ಸಾಲ ಮಾಡುತ್ತಾರೆ. ಇರುವುದರಲ್ಲಿ ಒಳ್ಳೆಯದನ್ನು ಧರಿಸುವುದು ಸುನ್ನತ್ತು, ಹೊಸತೇ ಆಗಬೇಕೆಂದಿಲ್ಲ.

ಹೊಸತು ಬೇಕೇ ಬೇಕಾದರೆ ಶಅಬಾನ್‌ನಲ್ಲೇ ಬಟ್ಟೆ ತಗೊಳ್ಳಿ, ಟೈಲರಿಗೂ ಪುರುಸೊತ್ತು ಇರುತ್ತದೆ. ಕಾಟನ್ ಆದರೆ ಹೊಲಿಯಲು ಕೊಡುವ ಮೊದಲು ಒಂದು ರಾತ್ರಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಹೋಗುತ್ತದೆ. ಮಕ್ಕಳ ಪ್ಯಾಂಟಿನ ಕೆಳಗೆ 2 ಇಂಚು ಒಳಗೆ ಮಡಚಿ ಹೊಲಿಸಿ, ಮುಂದಿನ ವರ್ಷ ಬಿಚ್ಚಿದರಾಯಿತು. ಭುಜದ ಹೊಲಿಗೆ ಸರಿಯಾಗಿ ಭುಜದ ಮೇಲೆ ಕೂತರೆ ಕಡಿಮೆ ರೇಟಿನ ಅಂಗಿಯೂ ಚೆಂದವೇ.

ಅಣ್ಣನ ಬಿಳಿ ಅಂಗಿ ತಮ್ಮನಿಗಾದರೆ ಗುಂಡಿ ಬದಲಿಸಿ, ಸ್ವಲ್ಪ ನೀಲಿ, ಗಂಜಿ ಹಾಕಿ ಇಸ್ತ್ರಿ ಮಾಡಿ. ಗಂಜಿ ಬೆಳ್ತಿಗೆ ಅಕ್ಕಿಯದ್ದೇ ಆಗಬೇಕು. ಕುಚ್ಚಲಕ್ಕಿಯದ್ದು ಹಾಕಿದರೆ ಅಂಗಿ ಕೆಂಪಗಾಗುತ್ತದೆ. ಕಳೆದ ಪೆರ್ನಾಲಿಗೆ ಹಾಗೆ ಬಂದ ಒಬ್ಬ ಹುಡುಗನ ಅಂಗಿ ನೋಡಿ, 'ಎಲ್ಲಿಂದ ತೆಗೆದದ್ದು?' ಎಂದು ನಾವೇ ಕೇಳಿದ್ದೆವು.