ವೈದ್ಯಕೀಯ ನಿರ್ಲಕ್ಷ್ಯ ಪರಿಹಾರ ನಿಧಿ ಮತ್ತು ಶುಲ್ಕ ನಿಯಂತ್ರಣ: ವಿಸ್ಕಾನ್ಸಿನ್ ರಾಜ್ಯದ ಅನುಭವ

ಚಿಕಿತ್ಸೆಯಲ್ಲಿ ಸಂಭವಿಸಿದ ನಿರ್ಲಕ್ಷ್ಯದಿಂದ ರೋಗಿಗೆ ಹಾನಿಯಾದರೆ ಅದನ್ನು ತುಂಬಿಕೊಡುವ ಹೊಣೆ ಯಾರದು ಎಂಬ ಪ್ರಶ್ನೆಗೆ ಕಾನೂನಿನ ಉತ್ತರ ಸರಳವಾದುದು: ತಪ್ಪೆಸಗಿದವರದು. ಆದರೆ ಹೊಣೆ ನಿಶ್ಚಯವಾದ ಮಾತ್ರಕ್ಕೆ ಪರಿಹಾರ ಕೈಗೆ ಬರುವುದಿಲ್ಲ. ಹೆರಿಗೆಯ ವೇಳೆ ಮಿದುಳಿಗೆ ಪೆಟ್ಟಾದ ಶಿಶುವೊಂದಕ್ಕೆ ಹಲವು ದಶಕಗಳ ಕಾಲ ಶುಶ್ರೂಷೆ ಬೇಕಾಗಬಹುದು. ಅಷ್ಟು ಹಣವನ್ನು ತೆರುವ ಶಕ್ತಿ ಒಬ್ಬ ವೈದ್ಯನಿಗೆ ಇರುವುದು ಅಪರೂಪ. ಆತನ ವಿಮೆಗೂ ಒಂದು ಮಿತಿ ಇರುತ್ತದೆ. ಈ ಅಂತರವನ್ನು ತುಂಬಲು ಅಮೆರಿಕದ ಕೆಲವು ರಾಜ್ಯಗಳು ಪರಿಹಾರ ನಿಧಿಗಳನ್ನು ಸ್ಥಾಪಿಸಿ, ಅವುಗಳಿಗೆ ವೈದ್ಯರು ಹಾಗೂ ಆಸ್ಪತ್ರೆಗಳು ಸಲ್ಲಿಸಬೇಕಾದ ಶುಲ್ಕವನ್ನು ತಾವೇ ನಿಗದಿಪಡಿಸುವ ಪದ್ಧತಿಯನ್ನು ಜಾರಿಗೆ ತಂದವು. ಅವುಗಳಲ್ಲಿ ವಿಸ್ಕಾನ್ಸಿನ್ ರಾಜ್ಯದ ನಿಧಿ ಹಲವು ಕಾರಣಗಳಿಂದ ಅಧ್ಯಯನಯೋಗ್ಯವಾಗಿದೆ. ಸರ್ಕಾರದ ಆಜ್ಞೆಯಿಂದ ಸಂಗ್ರಹವಾದ ಶುಲ್ಕ ಸರ್ಕಾರದ ಹಣವೇ, ಅಲ್ಲವೇ ಎಂಬ ಮೂಲಭೂತ ಪ್ರಶ್ನೆ ಅಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ ಇತ್ಯರ್ಥವಾಯಿತು ಎಂಬುದು ಆ ಕಾರಣಗಳಲ್ಲಿ ಮುಖ್ಯವಾದುದು.

ಹಿನ್ನೆಲೆ

1970ರ ದಶಕದ ನಡುವಿನಲ್ಲಿ ಅಮೆರಿಕದ ವೈದ್ಯಕೀಯ ಹೊಣೆಗಾರಿಕೆ ವಿಮಾ ಕ್ಷೇತ್ರ ಬಿಕ್ಕಟ್ಟಿಗೆ ಸಿಲುಕಿತು. ಕೆಲವು ವಿಮಾ ಕಂಪನಿಗಳು ಕಂತಿನ ದರವನ್ನು ತೀವ್ರವಾಗಿ ಏರಿಸಿದವು. ಮತ್ತೆ ಕೆಲವು ಈ ವ್ಯವಹಾರದಿಂದಲೇ ಹಿಂದೆ ಸರಿದವು. ವಿಮೆಯಿಲ್ಲದೆ ವೃತ್ತಿ ನಡೆಸಲು ವೈದ್ಯರು ಹಿಂಜರಿದರು. ಇದಕ್ಕೆ ಒಂದೊಂದು ರಾಜ್ಯವೂ ತನ್ನದೇ ಆದ ರೀತಿಯಲ್ಲಿ ಸ್ಪಂದಿಸಿತು. ಕ್ಯಾಲಿಫೋರ್ನಿಯ 1975ರಲ್ಲಿ ನೋವು, ಯಾತನೆ ಮೊದಲಾದ ಆರ್ಥಿಕೇತರ ಹಾನಿಗೆ ನೀಡುವ ಪರಿಹಾರಕ್ಕೆ 2,50,000 ಡಾಲರುಗಳ ಮಿತಿಯನ್ನು ಹಾಕಿತು. ಇಂಡಿಯಾನ, ಪೆನ್ಸಿಲ್ವೇನಿಯ ಮತ್ತು ವಿಸ್ಕಾನ್ಸಿನ್ ಅದೇ ವರ್ಷ ಪರಿಹಾರ ನಿಧಿಯ ಮಾರ್ಗವನ್ನು ಹಿಡಿದವು. 1976ರಲ್ಲಿ ಕ್ಯಾನ್ಸಸ್ ಇದೇ ಮಾರ್ಗವನ್ನು ಅನುಸರಿಸಿತು.

ಈ ನಿಧಿಗಳ ಸ್ವರೂಪ ಒಂದೇ ಬಗೆಯದಲ್ಲ. ಇಂಡಿಯಾನದಲ್ಲಿ ರೋಗಿಗೆ ದೊರೆಯಬಹುದಾದ ಒಟ್ಟು ಪರಿಹಾರಕ್ಕೇ ಶಾಸನ ಮಿತಿ ಹಾಕಿತು. ನಿಧಿಯ ಹೊಣೆಯೂ ಆ ಮಿತಿಯೊಳಗೆ ಉಳಿಯಿತು. ವಿಸ್ಕಾನ್ಸಿನ್ ಹಾಗೆ ಮಾಡಲಿಲ್ಲ. ಅಲ್ಲಿ ವೈದ್ಯನ ವಿಮೆಯ ಮಿತಿಯನ್ನು ಮೀರಿದ ಚಿಕಿತ್ಸಾ ವೆಚ್ಚ, ದುಡಿಮೆಯ ನಷ್ಟ ಮುಂತಾದ ಆರ್ಥಿಕ ಹಾನಿಯನ್ನು ನಿಧಿಯು ಯಾವುದೇ ಮೇಲ್ಮಿತಿಯಿಲ್ಲದೆ ತುಂಬಿಕೊಡುತ್ತದೆ. ಹೊಣೆಗೆ ಮಿತಿ ಇಲ್ಲದಿರುವಾಗ ಶುಲ್ಕವನ್ನು ಎಷ್ಟೆಂದು ನಿಗದಿಪಡಿಸಬೇಕು ಎಂಬ ತೊಡಕು ಹುಟ್ಟಿಕೊಳ್ಳುವುದು ಇಲ್ಲಿಯೇ.

ನಿಧಿಯ ರಚನೆ

1975ರಲ್ಲಿ ರೋಗಿಗಳ ಪರಿಹಾರ ನಿಧಿ ಎಂಬ ಹೆಸರಿನಿಂದ ಆರಂಭವಾದ ಈ ವ್ಯವಸ್ಥೆ ರಾಜ್ಯ ಶಾಸನ ಸಂಹಿತೆಯ 655ನೆಯ ಅಧ್ಯಾಯಕ್ಕೆ ಒಳಪಟ್ಟಿದೆ. ಇದರ ಸಾಂವಿಧಾನಿಕ ಸಿಂಧುತ್ವವನ್ನು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ಎತ್ತಿಹಿಡಿಯಿತು. 2003ರ ತಿದ್ದುಪಡಿಯ ಮೂಲಕ ಇದಕ್ಕೆ ಹಾನಿಗೊಳಗಾದ ರೋಗಿಗಳ ಮತ್ತು ಕುಟುಂಬಗಳ ಪರಿಹಾರ ನಿಧಿ ಎಂಬ ಹೆಸರು ಬಂತು.

ರಾಜ್ಯದಲ್ಲಿ ವೃತ್ತಿ ನಡೆಸುವ ವೈದ್ಯರು, ಅರಿವಳಿಕೆ ನೀಡುವ ದಾದಿಯರು, ಆಸ್ಪತ್ರೆಗಳು ಮತ್ತು ಇವರು ಕೂಡಿ ನಡೆಸುವ ಸಂಸ್ಥೆಗಳು ನಿಧಿಯ ಸದಸ್ಯರಾಗುವುದು ಕಡ್ಡಾಯ. ಸರ್ಕಾರಿ ನೌಕರಿಯಲ್ಲಿರುವವರಿಗೆ ಹಾಗೂ ಆರ್ಥಿಕ ವರ್ಷವೊಂದರಲ್ಲಿ 240 ಗಂಟೆಗಳಿಗಿಂತ ಹೆಚ್ಚು ಕಾಲ ವೃತ್ತಿ ನಡೆಸದವರಿಗೆ ವಿನಾಯಿತಿ ಇದೆ. ಪ್ರತಿಯೊಬ್ಬರೂ ಮೊದಲು ಖಾಸಗಿ ವಿಮೆಯನ್ನು ಹೊಂದಿರಬೇಕು. ಈ ಮೊದಲ ಹಂತದ ವಿಮೆಯ ಮೊತ್ತ ಆರಂಭದಲ್ಲಿ ಪ್ರತಿ ಘಟನೆಗೆ 2 ಲಕ್ಷ ಡಾಲರು, ವರ್ಷಕ್ಕೆ ಒಟ್ಟು 6 ಲಕ್ಷ ಡಾಲರು ಇತ್ತು. ಹಂತಹಂತವಾಗಿ ಏರಿಕೆಯಾಗಿ, 1997ರ ಜುಲೈಯಿಂದ ಪ್ರತಿ ಘಟನೆಗೆ 10 ಲಕ್ಷ ಡಾಲರು, ವರ್ಷಕ್ಕೆ 30 ಲಕ್ಷ ಡಾಲರು ಎಂದು ನಿಗದಿಯಾಯಿತು. ಇದಕ್ಕೆ ಮೇಲ್ಪಟ್ಟ ಭಾರವನ್ನು ನಿಧಿ ಹೊರುತ್ತದೆ. ಹಾನಿ ಸಂಭವಿಸಿದ ವರ್ಷದಲ್ಲಿ ವೈದ್ಯ ಸದಸ್ಯನಾಗಿದ್ದರೆ ಸಾಕು. ದಾವೆ ಎಷ್ಟು ವರ್ಷಗಳ ನಂತರ ಹೂಡಲ್ಪಟ್ಟರೂ ನಿಧಿಯ ರಕ್ಷಣೆ ಆತನಿಗೆ ಲಭಿಸುತ್ತದೆ.

ನಿಧಿಯ ಆಡಳಿತ ಮಂಡಲಿಯಲ್ಲಿ ಹದಿಮೂವರು ಸದಸ್ಯರಿದ್ದಾರೆ. ವಿಮಾ ಉದ್ಯಮದ ಮೂವರು, ವೈದ್ಯರ ಸಂಘದ ಇಬ್ಬರು, ಆಸ್ಪತ್ರೆಗಳ ಸಂಘದ ಒಬ್ಬರು, ವಕೀಲರ ಎರಡು ಸಂಘಟನೆಗಳಿಂದ ಒಬ್ಬೊಬ್ಬರು, ರಾಜ್ಯಪಾಲರು ನೇಮಿಸುವ ನಾಲ್ವರು ಸಾರ್ವಜನಿಕ ಪ್ರತಿನಿಧಿಗಳು ಮತ್ತು ರಾಜ್ಯದ ವಿಮಾ ಆಯುಕ್ತರು ಸೇರಿ ಈ ಮಂಡಲಿ ರಚಿತವಾಗಿದೆ. ಶುಲ್ಕ ತೆರುವವರು, ಪರಿಹಾರ ಕೇಳುವವರ ಪರ ವಾದಿಸುವವರು ಮತ್ತು ಜನಸಾಮಾನ್ಯರ ಪ್ರತಿನಿಧಿಗಳು ಒಂದೇ ಮೇಜಿನ ಸುತ್ತ ಕುಳಿತುಕೊಳ್ಳುವ ಈ ಏರ್ಪಾಡು ಗಮನಾರ್ಹವಾದುದು.

ಶುಲ್ಕ ನಿರ್ಧಾರದ ಕ್ರಮ

ನಿಧಿ ಸ್ಥಾಪನೆಯಾದ ನಂತರದ ದಶಕಗಳಲ್ಲಿ ಶುಲ್ಕ ನಿರ್ಧಾರ ಆಡಳಿತಾತ್ಮಕ ನಿಯಮದ ರೂಪದಲ್ಲಿ ನಡೆದುಬಂದಿತು. ಜುಲೈ 1ರಿಂದ ಆರಂಭವಾಗುವ ಆರ್ಥಿಕ ವರ್ಷಕ್ಕೆ ಎಷ್ಟು ಹಣ ಬೇಕಾದೀತು ಎಂಬುದನ್ನು ವಿಮಾಗಣಿತ ತಜ್ಞರು ಅಂದಾಜು ಮಾಡುತ್ತಿದ್ದರು. ಅದನ್ನು ಪರಿಶೀಲಿಸಿ ಆಡಳಿತ ಮಂಡಲಿ ಒಪ್ಪಿಗೆ ನೀಡಿದ ಮೇಲೆ ವಿಮಾ ಆಯುಕ್ತರು ನಿಯಮವನ್ನು ಹೊರಡಿಸುತ್ತಿದ್ದರು. ನಿಯಮದ ರೂಪ ಪಡೆದುದರಿಂದ ಶುಲ್ಕ ಸಾರ್ವಜನಿಕ ಪರಿಶೀಲನೆಗೂ ವಿಧಾನಮಂಡಲದ ಅವಲೋಕನಕ್ಕೂ ತೆರೆದುಕೊಂಡಿತು. ಖಾಸಗಿ ಕಂಪನಿಯ ಕಂತಿಗೂ ಈ ಶುಲ್ಕಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು.

ಶುಲ್ಕ ಎಲ್ಲರಿಗೂ ಸಮಾನವಾಗಿಲ್ಲ. ವೈದ್ಯರನ್ನು ಅವರ ವೃತ್ತಿಯ ಅಪಾಯಕ್ಕೆ ಅನುಗುಣವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಲಾಗಿದೆ. ಮನೋವೈದ್ಯರಂಥವರು ಕಡಿಮೆ ಅಪಾಯದ ಮೊದಲನೆಯ ವರ್ಗಕ್ಕೂ, ನರಶಸ್ತ್ರಚಿಕಿತ್ಸಕರು ಮತ್ತು ಪ್ರಸೂತಿ ತಜ್ಞರು ನಾಲ್ಕನೆಯ ವರ್ಗಕ್ಕೂ ಸೇರುತ್ತಾರೆ. ಕೊನೆಯ ವರ್ಗದವರು ತೆರುವ ಶುಲ್ಕ ಮೊದಲ ವರ್ಗದ ಹಲವು ಪಟ್ಟು ಇರುತ್ತದೆ. ತರಬೇತಿಯಲ್ಲಿರುವವರಿಗೆ ಹಾಗೂ ಅಲ್ಪಾವಧಿ ವೃತ್ತಿ ನಡೆಸುವವರಿಗೆ ರಿಯಾಯಿತಿ ಇದೆ. ಆಸ್ಪತ್ರೆಗಳ ಶುಲ್ಕವನ್ನು ರೋಗಿಗಳಿರುವ ಹಾಸಿಗೆಗಳ ಸಂಖ್ಯೆ ಮತ್ತು ಹೊರರೋಗಿಗಳ ಭೇಟಿಯ ಸಂಖ್ಯೆಯ ಆಧಾರದ ಮೇಲೆ ಲೆಕ್ಕ ಹಾಕಲಾಗುತ್ತದೆ. ವೈದ್ಯನೊಬ್ಬನ ಪರವಾಗಿ ಪದೇಪದೇ ಪರಿಹಾರ ಸಂದಾಯವಾಗಿದ್ದರೆ, ಸಮಾನ ವೃತ್ತಿಯವರ ಪರಿಶೀಲನಾ ಸಮಿತಿಯ ಅಭಿಪ್ರಾಯ ಪಡೆದು ಹೆಚ್ಚುವರಿ ಶುಲ್ಕ ವಿಧಿಸಲು ಅವಕಾಶವಿದೆ. ಹೀಗೆ ಶುಲ್ಕವು ಹಣ ಸಂಗ್ರಹದ ಸಾಧನವಾಗಿರುವಂತೆಯೇ ವೃತ್ತಿಯ ಶಿಸ್ತಿಗೂ ಒಂದು ಸಾಧನವಾಗಿದೆ.

ಈ ಲೆಕ್ಕಾಚಾರದ ನಿಜವಾದ ಕಷ್ಟ ಕಾಲಕ್ಕೆ ಸಂಬಂಧಿಸಿದುದು. ಇಂದು ನಡೆದ ತಪ್ಪು ಬೆಳಕಿಗೆ ಬರುವುದು ಕೆಲವು ವರ್ಷಗಳ ನಂತರ. ಶಿಶುಗಳ ವಿಷಯದಲ್ಲಿ ದಾವೆ ಹೂಡುವ ಅವಧಿ ಸಾಮಾನ್ಯವಾಗಿ ಮಗುವಿನ ಹತ್ತನೆಯ ವಯಸ್ಸಿನವರೆಗೂ ವಿಸ್ತರಿಸುತ್ತದೆ. ಮುಂದಿನ ಚಿಕಿತ್ಸಾ ವೆಚ್ಚ 1,00,000 ಡಾಲರುಗಳನ್ನು ಮೀರಿದಾಗ ಹೆಚ್ಚಿನ ಮೊತ್ತವನ್ನು ನಿಧಿಯಲ್ಲಿಯೇ ಇರಿಸಿ, ಖರ್ಚು ಬಂದಂತೆ ಪಾವತಿಸುವ ಕ್ರಮವೂ ಇದೆ. ಆದ್ದರಿಂದ ಇಂದಿನ ಶುಲ್ಕ ಇಂದಿನ ದಾವೆಗಳಿಗೆ ಮಾತ್ರ ಸಾಲದು. ಇನ್ನೂ ಯಾರ ಕಣ್ಣಿಗೂ ಬೀಳದ ದಾವೆಗಳಿಗೂ ಸಾಲಬೇಕು. ಶುಲ್ಕ ಕಡಿಮೆಯಾದರೆ ಭಾರ ಮುಂದಿನ ಪೀಳಿಗೆಯ ವೈದ್ಯರ ಮೇಲೆ ಬೀಳುತ್ತದೆ. ಹೆಚ್ಚಾದರೆ ಆ ಹೊರೆ ಕೊನೆಗೆ ಚಿಕಿತ್ಸೆಯ ದರದ ಮೂಲಕ ರೋಗಿಗಳಿಗೆ ವರ್ಗವಾಗುತ್ತದೆ. 1980ರ ದಶಕದ ಉತ್ತರಾರ್ಧದಲ್ಲಿ ನಿಧಿಯು ವಿಮಾಗಣಿತದ ಲೆಕ್ಕದಲ್ಲಿ ಕೊರತೆಯನ್ನು ತೋರಿಸಿತು. ಮುಂದೆ ಅದರ ಆಸ್ತಿ 100 ಕೋಟಿ ಡಾಲರುಗಳನ್ನು ಮೀರಿ ಬೆಳೆಯಿತು. ಅಂದಾಜಿನ ಈ ವ್ಯವಹಾರ ಎಷ್ಟು ಸೂಕ್ಷ್ಮವಾದುದು ಎಂಬುದಕ್ಕೆ ಈ ಏರಿಳಿತವೇ ನಿದರ್ಶನ.

ಪರಿಹಾರದ ಮಿತಿ ಮತ್ತು ಶುಲ್ಕ

ಶುಲ್ಕದ ಪ್ರಮಾಣಕ್ಕೂ ಪರಿಹಾರದ ಮಿತಿಗೂ ನೇರ ಸಂಬಂಧವಿದೆ. ಆರ್ಥಿಕೇತರ ಹಾನಿಗೆ ವಿಸ್ಕಾನ್ಸಿನ್ 1986ರಲ್ಲಿ 10 ಲಕ್ಷ ಡಾಲರುಗಳ ಮಿತಿಯನ್ನು ವಿಧಿಸಿತು. ಆ ಶಾಸನದ ಅವಧಿ 1990ರ ಅಂತ್ಯಕ್ಕೆ ಮುಗಿಯಿತು. 1995ರಲ್ಲಿ 3,50,000 ಡಾಲರುಗಳ ಹೊಸ ಮಿತಿ ಬಂತು. ಬೆಲೆ ಏರಿಕೆಗೆ ತಕ್ಕಂತೆ ಅದು ಪರಿಷ್ಕೃತವಾಗುತ್ತಿತ್ತು. 2005ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಮಿತಿಯನ್ನು ಸಂವಿಧಾನಬಾಹಿರವೆಂದು ಘೋಷಿಸಿತು. ಮಿತಿಯ ಭಾರ ಅತ್ಯಂತ ತೀವ್ರವಾಗಿ ಹಾನಿಗೊಂಡವರ ಮೇಲೆ, ಅದರಲ್ಲಿಯೂ ಎಳೆಯರ ಮೇಲೆ, ಹೆಚ್ಚಾಗಿ ಬೀಳುತ್ತದೆ ಎಂಬುದು ಬಹುಮತದ ತೀರ್ಪಿನ ಮುಖ್ಯ ತರ್ಕವಾಗಿತ್ತು. 2006ರಲ್ಲಿ ವಿಧಾನಮಂಡಲ 7,50,000 ಡಾಲರುಗಳ ಮಿತಿಯನ್ನು ಮತ್ತೆ ತಂದಿತು. 2018ರ ಜೂನ್‌ನಲ್ಲಿ ಅದೇ ನ್ಯಾಯಾಲಯ ತನ್ನ 2005ರ ನಿಲುವನ್ನು ತಳ್ಳಿಹಾಕಿ ಹೊಸ ಮಿತಿಯನ್ನು ಎತ್ತಿಹಿಡಿಯಿತು. ಆ ಪ್ರಕರಣದಲ್ಲಿ ದಂಪತಿಗೆ ಜ್ಯೂರಿ ನೀಡಿದ್ದ ಆರ್ಥಿಕೇತರ ಪರಿಹಾರ 1.65 ಕೋಟಿ ಡಾಲರು. ಅದು 7,50,000 ಡಾಲರುಗಳಿಗೆ ಇಳಿಯಿತು.

ಶುಲ್ಕ ಹಿಡಿತದಲ್ಲಿರಬೇಕಾದರೆ ನಿಧಿಯ ಹೊಣೆಯೂ ಹಿಡಿತದಲ್ಲಿರಬೇಕು ಎಂಬ ವಾದಕ್ಕೆ ಆಧಾರವಿಲ್ಲದಿಲ್ಲ. ಆದರೆ ಆ ಉಳಿತಾಯದ ಬೆಲೆಯನ್ನು ತೆರುವವರು ಎಲ್ಲರಿಗಿಂತ ಹೆಚ್ಚು ನೊಂದವರೇ ಎಂಬುದನ್ನೂ ಮರೆಯುವಂತಿಲ್ಲ. ಎರಡು ತೀರ್ಪುಗಳ ನಡುವಿನ ಭಿನ್ನತೆ ಮುಖ್ಯವಾಗಿ ಈ ಬೆಲೆಯನ್ನು ನಿರ್ಧರಿಸುವ ಅಧಿಕಾರ ಯಾರದು ಎಂಬುದಕ್ಕೆ ಸಂಬಂಧಿಸಿದೆ. 2018ರ ಬಹುಮತವು ಅದನ್ನು ವಿಧಾನಮಂಡಲದ ವಿವೇಚನೆಗೆ ಬಿಟ್ಟಿತು.

20 ಕೋಟಿ ಡಾಲರುಗಳ ವರ್ಗಾವಣೆ

ನಿಧಿಯ ಇತಿಹಾಸದ ಅತಿ ಮಹತ್ವದ ಘಟ್ಟ 2007ರಲ್ಲಿ ಎದುರಾಯಿತು. ಆ ವರ್ಷದ ದ್ವೈವಾರ್ಷಿಕ ಆಯವ್ಯಯ ಶಾಸನದಲ್ಲಿ ನಿಧಿಯಿಂದ 20 ಕೋಟಿ ಡಾಲರುಗಳನ್ನು ತೆಗೆದು, ಬಡವರ ವೈದ್ಯಕೀಯ ನೆರವಿಗೆ ಮೀಸಲಾದ ಮತ್ತೊಂದು ನಿಧಿಗೆ ವರ್ಗಾಯಿಸಲು ತೀರ್ಮಾನಿಸಲಾಯಿತು. ಉದ್ದೇಶ ಜನಹಿತದ್ದೇ ಆಗಿತ್ತು. ಆದರೂ ಆ ಹಣ ಬೇರೊಂದು ಕಾರಣಕ್ಕಾಗಿ, ಬೇರೊಂದು ವಾಗ್ದಾನದ ಮೇಲೆ ಸಂಗ್ರಹವಾದುದು. ವಿಸ್ಕಾನ್ಸಿನ್ ವೈದ್ಯಕೀಯ ಸಂಘ ಇದನ್ನು ಪ್ರಶ್ನಿಸಿ ನ್ಯಾಯಾಲಯದ ಮೊರೆಹೊಕ್ಕಿತು.

ಸರ್ಕಾರದ ವಾದ ಮೇಲ್ನೋಟಕ್ಕೆ ಬಲವಾಗಿಯೇ ಕಾಣುತ್ತದೆ. ನಿಧಿಯನ್ನು ಸೃಷ್ಟಿಸಿದ್ದು ಶಾಸನ. ಶುಲ್ಕವನ್ನು ನಿಗದಿಪಡಿಸುವುದು ರಾಜ್ಯದ ಅಧಿಕಾರಿ. ವೈದ್ಯರು ಒಮ್ಮೆ ಸಲ್ಲಿಸಿದ ಶುಲ್ಕ ಅವರ ಕೈಬಿಟ್ಟ ಹಣ. ಕೆಳ ನ್ಯಾಯಾಲಯ ಈ ವಾದವನ್ನು ಒಪ್ಪಿತು. ಆದರೆ 2010ರ ಜುಲೈ 20ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ತಿರಸ್ಕರಿಸಿತು. 2003ರ ತಿದ್ದುಪಡಿಯು ನಿಧಿಯನ್ನು ಹಿಂತೆಗೆದುಕೊಳ್ಳಲಾಗದ ನ್ಯಾಸವೆಂದೂ, ಸದಸ್ಯರಾದ ವೈದ್ಯಕೀಯ ಸೇವಾದಾರರ ಹಾಗೂ ಅರ್ಹ ಪರಿಹಾರಾರ್ಥಿಗಳ ಪ್ರಯೋಜನಕ್ಕೆ ಮಾತ್ರ ಮೀಸಲೆಂದೂ ಸ್ಪಷ್ಟವಾಗಿ ಹೇಳಿತ್ತು. ಹೀಗಾಗಿ ಸೇವಾದಾರರಿಗೆ ನಿಧಿಯಲ್ಲಿ ಸ್ವತ್ತಿನ ಹಕ್ಕು ಇದೆ. ಪರಿಹಾರ ನೀಡದೆ ಅದನ್ನು ಕಿತ್ತುಕೊಳ್ಳುವುದು ಸಂವಿಧಾನಕ್ಕೆ ವಿರುದ್ಧ ಎಂದು ನ್ಯಾಯಾಲಯ ನಿರ್ಣಯಿಸಿತು. ಹಣವನ್ನೂ ಅದರಿಂದ ಬರಬೇಕಾಗಿದ್ದ ಗಳಿಕೆಯನ್ನೂ ನಿಧಿಗೆ ಮರಳಿ ತುಂಬುವಂತೆ ಆದೇಶಿಸಿತು.

ಇಂಥ ಪ್ರಯತ್ನ ವಿಸ್ಕಾನ್ಸಿನ್ನಿಗೆ ಸೀಮಿತವಾಗಿರಲಿಲ್ಲ. 2009ರಲ್ಲಿ ನ್ಯೂ ಹ್ಯಾಂಪ್‌ಷೈರ್ ರಾಜ್ಯ, ವೈದ್ಯಕೀಯ ಹೊಣೆಗಾರಿಕೆಯ ಜಂಟಿ ವಿಮಾ ಸಂಘದಲ್ಲಿದ್ದ 11 ಕೋಟಿ ಡಾಲರುಗಳ ಮಿಗತೆಯನ್ನು ತನ್ನ ಬೊಕ್ಕಸಕ್ಕೆ ಸೇರಿಸಿಕೊಳ್ಳಲು ಮುಂದಾಯಿತು. 2010ರ ಜನವರಿಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ವಿಮೆದಾರರ ಹಕ್ಕನ್ನು ಎತ್ತಿಹಿಡಿದು ಅದನ್ನು ತಡೆಯಿತು. ಪೆನ್ಸಿಲ್ವೇನಿಯದಲ್ಲಿಯೂ 2009ರಲ್ಲಿ ನಿಧಿಯ 10 ಕೋಟಿ ಡಾಲರು ರಾಜ್ಯದ ಸಾಮಾನ್ಯ ಬೊಕ್ಕಸಕ್ಕೆ ಹೋಯಿತು. ದೀರ್ಘ ವ್ಯಾಜ್ಯದ ನಂತರ 2014ರಲ್ಲಿ ಅದು ರಾಜಿಯಲ್ಲಿ ಕೊನೆಗೊಂಡಿತು. ಮೂರೂ ಪ್ರಸಂಗಗಳಲ್ಲಿ ಸಮಾನವಾದ ಒಂದು ಅಂಶ ಎದ್ದುಕಾಣುತ್ತದೆ. ಮುಂಬರುವ ದಾವೆಗಳಿಗಾಗಿ ಕಾದಿರಿಸಿದ ಹಣ ಆಯವ್ಯಯದ ಮುಗ್ಗಟ್ಟಿನ ಕಾಲದಲ್ಲಿ ಒಡೆಯರಿಲ್ಲದ ಮಿಗತೆಯಂತೆ ತೋರುತ್ತದೆ. ಅದನ್ನು ಮುಂದೆ ಪಡೆಯಬೇಕಾದವರು ಯಾರೆಂದು ಗೊತ್ತಿಲ್ಲದಿರುವುದರಿಂದ ಅವರ ಪರವಾಗಿ ಮಾತನಾಡುವವರೂ ವಿರಳ.

ಸಮಾರೋಪ

ವಿಸ್ಕಾನ್ಸಿನ್ ನಿಧಿಯ ಅನುಭವದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಶುಲ್ಕ ನಿಯಂತ್ರಣವೆಂದರೆ ದರವನ್ನು ಕೆಳಗಿಡುವುದಷ್ಟೇ ಅಲ್ಲ. ಇಂದು ತೆರುವವರು ಮತ್ತು ನಾಳೆ ಪಡೆಯುವವರ ನಡುವೆ ನ್ಯಾಯವಾದ ಸಮತೋಲವನ್ನು ಸಾಧಿಸುವುದೇ ಅದರ ತಿರುಳು. ಎರಡನೆಯದಾಗಿ, ಶುಲ್ಕವನ್ನು ವಿಧಿಸುವ ಅಧಿಕಾರ ಮತ್ತು ಶುಲ್ಕದ ಒಡೆತನ ಒಂದೇ ಅಲ್ಲ. 2003ರ ತಿದ್ದುಪಡಿಯಲ್ಲಿ ನ್ಯಾಸವನ್ನು ಕುರಿತು ಬಂದ ಕೆಲವೇ ಪದಗಳು ಏಳು ವರ್ಷಗಳ ನಂತರ 20 ಕೋಟಿ ಡಾಲರುಗಳನ್ನು ಕಾಪಾಡಿದವು. ಪರಿಹಾರ ನಿಧಿಯನ್ನು ರೂಪಿಸುವ ಯಾವುದೇ ಶಾಸನದಲ್ಲಿ ಹಣ ಯಾರದು, ಯಾವ ಉದ್ದೇಶಕ್ಕೆ ಎಂಬುದನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸಿದರೆ, ಹತ್ತಾರು ವರ್ಷಗಳ ಶುಶ್ರೂಷೆಯನ್ನು ಎದುರುನೋಡುತ್ತಿರುವ ಮಗುವಿನ ಪಾಲು ಅದರ ಅಗತ್ಯದ ದಿನದವರೆಗೂ ಸುರಕ್ಷಿತವಾಗಿ ಉಳಿಯುತ್ತದೆ.