ಅರ್ತ್ ಗುಂಡಿಯೊಂದಿದ್ದರೆ ಸಾಕೇ?

“ಅರ್ತ್ ಹಾಕಿಸಿದ್ದೇವಲ್ಲ ಮಾಸ್ಟ್ರೇ, ಇನ್ನೇನು ಭಯ?” ಎಂದು ಕಾಸರಗೋಡಿನ ನಮ್ಮ ಹಿರಿಯರು ಕೇಳುವುದುಂಟು. ಭಯಕ್ಕೆ ಕಾರಣವಿದೆ. ಅದನ್ನರಿಯಲು ವಿದ್ಯುತ್ ವಿತರಣೆಯ ಎರಡು ಕ್ರಮಗಳನ್ನು ಹೋಲಿಸಿ ನೋಡಬೇಕು.

ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲನ್ನು ಅಲ್ಲಿಯೇ ಭೂಮಿಗೆ ಜೋಡಿಸಿ, ಮನೆಯ ಉಪಕರಣಗಳ ಲೋಹದ ಮೈಯನ್ನು ಮನೆಯದೇ ಗುಂಡಿಗೆ ಜೋಡಿಸುವುದು ಒಂದು ಕ್ರಮ. ಇದಕ್ಕೆ ಟಿಟಿ ಎಂದು ಹೆಸರು. ‘ಟಿ’ ಭೂಮಿ ಎಂಬರ್ಥದ ಫ್ರೆಂಚ್ ಪದದ ಮೊದಲಕ್ಷರ. ನಮ್ಮ ಹಳ್ಳಿಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ಇನ್ನೊಂದು ಟಿಎನ್. ಇದರಲ್ಲಿ ಲೋಹದ ಮೈಗೂ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲಿಗೂ ತಂತಿಯ ಸಂಪರ್ಕವಿರುತ್ತದೆ. (ನ್ಯೂಟ್ರಲನ್ನು ಭೂಮಿಗೆ ನೇರವಾಗಿ ಜೋಡಿಸದ ಐಟಿ ಎಂಬ ಮೂರನೆಯ ಕ್ರಮವು ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಬಳಕೆಯಲ್ಲಿದೆ.)

ಈಗ ಲೆಕ್ಕ. ವಾಷಿಂಗ್ ಮೆಷಿನ್ನಿನ ಒಳಗೆ ಫೇಸ್ ತಂತಿ ಮೈಗೆ ತಗುಲಿತೆನ್ನಿ. ಟಿಎನ್‌ನಲ್ಲಿ ತಂತಿಯ ದಾರಿಯ ರೋಧ ಅರ್ಧ ಓಮ್ ಇದ್ದರೆ 460 ಆಂಪಿಯರ್ ಹರಿದು ಎಂ.ಸಿ.ಬಿ. ಕ್ಷಣದಲ್ಲಿ ಬೀಳುತ್ತದೆ. ಟಿಟಿಯಲ್ಲಿ ವಿದ್ಯುತ್ತು ಮಣ್ಣಿನ ಮೂಲಕವೇ ಮರಳಬೇಕು. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಮನೆಯ ಗುಂಡಿಯ ರೋಧ 20 ಓಮ್, ಟ್ರಾನ್ಸ್‌ಫಾರ್ಮರಿನದು 3 ಓಮ್ ಎಂದಿಟ್ಟುಕೊಂಡರೆ ಹರಿಯುವುದು 10 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂ.ಸಿ.ಬಿ. ಬೀಳುವುದೇ ಇಲ್ಲ, ಮೆಷಿನ್ನಿನ ಮೈಯಲ್ಲಿ 200 ವೋಲ್ಟ್ ನಿಂತಿರುತ್ತದೆ! ಅರ್ತ್ ಇದ್ದೂ ಇದು ಸ್ಥಿತಿ.

ಹಾಗಾದರೆ ಟಿಎನ್ ಮೇಲೆನ್ನೋಣವೇ? ಅದಕ್ಕೂ ಊನವಿದೆ. ನ್ಯೂಟ್ರಲ್ ಮತ್ತು ಅರ್ತ್ ಎರಡಕ್ಕೂ ಒಂದೇ ತಂತಿಯಿದ್ದು ಅದು ದಾರಿಯಲ್ಲಿ ಕಡಿದರೆ ಮನೆಯ ಉಪಕರಣಗಳ ಮೈಯೆಲ್ಲ ಶಾಕ್ ಹೊಡೆಯಬಹುದು. ತೆಂಗಿನ ಮಡಲು ಬಿದ್ದು ತಂತಿ ಕಡಿಯುವ ನಮ್ಮ ತೋಟಗಳಲ್ಲಿ ಇದು ಸಣ್ಣ ಮಾತಲ್ಲ. ಆದುದರಿಂದ ಮನೆಯೊಳಗೆ ನ್ಯೂಟ್ರಲ್ ಮತ್ತು ಅರ್ತನ್ನು ತಾವಾಗಿ ಜೋಡಿಸುವ ಸಾಹಸ ಬೇಡ.

ಟಿಟಿಗೆ ಆರ್.ಸಿ.ಸಿ.ಬಿ. ಜೊತೆಗೂಡಲೇಬೇಕು, ನಮ್ಮಲ್ಲಿ ಇದನ್ನು ಇ.ಎಲ್.ಸಿ.ಬಿ. ಎಂದೇ ಕರೆಯುವವರು ಹೆಚ್ಚು. ಹೋದ ವಿದ್ಯುತ್ತು ಮತ್ತು ಮರಳಿದ ವಿದ್ಯುತ್ತಿನ ನಡುವೆ 30 ಮಿಲಿಆಂಪಿಯರ್ ವ್ಯತ್ಯಾಸ ಬಂದೊಡನೆ ಅದು ಬೀಳುತ್ತದೆ. ಗುಂಡಿಯ ರೋಧ 100 ಓಮ್ ಆಗಿದ್ದರೂ ಅದು ಕೆಲಸ ಮಾಡಬಲ್ಲುದು. ಮಳೆಗಾಲದಲ್ಲಿ ಪದೇ ಪದೇ ಬೀಳುತ್ತದೆಂದು ಅದನ್ನು ಕಳಚಿ ನೇರ ಸಂಪರ್ಕ ಕೊಟ್ಟ ಮನೆಗಳನ್ನು ನಾನು ನೋಡಿದ್ದೇನೆ. ಎಲ್ಲೋ ಸೋರಿಕೆಯಿದೆ ಎಂದು ಅದು ಹೇಳುತ್ತಿರುವಾಗ ಅದರ ಬಾಯಿ ಮುಚ್ಚಿಸಿದಂತಾಯಿತು. ಅದರ ಮೇಲಿರುವ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿರಿ. ಬೀಳದಿದ್ದರೆ ವಯರ್‌ಮ್ಯಾನನ್ನು ಕರೆಯಿರಿ.